ಅಫಾರರ ಕೈತಪ್ಪಿದ ನದಿದಂಡೆ

[ಪರದೆ: ಇಥಿಯೋಪಿಯಾ, ಎರಿಟ್ರಿಯಾ, ಜಿಬೂಟಿ ನಕ್ಷೆ]

ಆವಾಶ್ ನದಿ ಸಮುದ್ರ ಸೇರುವುದಿಲ್ಲ. ಅಡಿಸ್ ಅಬಾಬಾದ ಪಶ್ಚಿಮಕ್ಕೆ ಹುಟ್ಟಿ, ಸುಮಾರು 1,200 ಕಿಲೋಮೀಟರ್ ಹರಿದು, ಜಿಬೂಟಿ ಗಡಿಯ ಅಬ್ಬೆ ಸರೋವರದಲ್ಲಿ ಮುಗಿಯುತ್ತದೆ. ನದಿಯ ಕೆಳಭಾಗ ಅಫಾರರೆಂಬ ದನಗಾಹಿ ಜನರ ನಾಡು. ಆ ನಾಡು ಈಗ ಮೂರು ದೇಶಗಳಲ್ಲಿ ಹಂಚಿಹೋಗಿದೆ. 1993ರಲ್ಲಿ ಎರಿಟ್ರಿಯಾ ಬೇರೆಯಾದಾಗ ಅಸ್ಸಾಬ್ ಬಂದರಿನ ಕರಾವಳಿ ಗಡಿಯಾಚೆ ಹೋಯಿತು. ಜಿಬೂಟಿಯಲ್ಲಿ ಅಧಿಕಾರದ ಪಾಲು ಕೇಳಿ 1991ರಲ್ಲಿ ಅಫಾರರು ಬಂದೂಕು ಹಿಡಿದರು. ಅವೆರಡಕ್ಕೂ ಬೇರೆ ವಿಡಿಯೋನೇ ಬೇಕು. ಇವತ್ತು ಇಥಿಯೋಪಿಯಾದ ನದಿದಂಡೆಯ ಮಾತು.

[ಪರದೆ: ಒಣ ಬಯಲು, ಒಂಟೆಗಳ ಸಾಲು]

ಮಳೆ ಬಿದ್ದಾಗ ಅಫಾರರು ಒಂಟೆ, ದನ, ಆಡು ಹೊಡೆದುಕೊಂಡು ಬಯಲಿಗೆ ಹೋಗುತ್ತಾರೆ. ಬಯಲು ಒಣಗಿದರೆ ದಂಡೆಗೆ ವಾಪಸ್, ಯಾಕಂದ್ರೆ ನೆರೆ ಇಳಿದ ಮೆಕ್ಕಲಿನಲ್ಲಿ ಆಗಲೂ ಹುಲ್ಲಿರುತ್ತದೆ. ಇಡೀ ನಾಡಿನ ಲೆಕ್ಕದಲ್ಲಿ ಈ ದಂಡೆ ಬರೀ ಒಂದು ಅಂಚು. ಅದು ಹೋದರೆ ಮಿಕ್ಕ ಬಯಲೆಲ್ಲ ಇದ್ದೂ ಇಲ್ಲದ ಹಾಗೆ.

ಹೋಗಿದ್ದು ಕಾನೂನಿನ ಮೂಲಕವೇ. ಯಾರ ಹೆಸರಲ್ಲೂ ಇಲ್ಲದ ಆಸ್ತಿ, ಹುಲ್ಲುಗಾವಲೂ ಸೇರಿ, ಸರ್ಕಾರದ್ದು ಎಂದಿತು 1955ರ ಸಂವಿಧಾನದ 130ನೇ ವಿಧಿ. ಕುಲಗಳು ತಲೆಮಾರುಗಳಿಂದ ಹಂಚಿಕೊಂಡು ಬಂದ ಮೇವಿನ ನೆಲಕ್ಕೆ ಪಹಣಿ ಎಲ್ಲಿಂದ ತರೋದು? 1960ರಲ್ಲಿ ಕೋಕಾ ಅಣೆಕಟ್ಟಾಯಿತು, ನೆರೆ ಹತೋಟಿಗೆ ಬಂತು, ದಂಡೆಯುದ್ದಕ್ಕೂ ಹತ್ತಿ ತೋಟಗಳೆದ್ದವು. 1970ರ ದಶಕದ ಆರಂಭದ ಬರದಲ್ಲಿ ಜಾನುವಾರು ಇಳಿದು ಬರಬೇಕಿದ್ದ ಜಾಗದಲ್ಲಿ ಹತ್ತಿ ನಿಂತಿತ್ತು. 1975ರಲ್ಲಿ ದೆರ್ಗ್ ಸೇನಾಡಳಿತ ಗ್ರಾಮೀಣ ಭೂಮಿಯನ್ನೆಲ್ಲ ರಾಷ್ಟ್ರೀಕರಿಸಿತು. ನದಿಯ ಕೆಳಭಾಗದ ಔಸ್ಸಾ ಪ್ರಾಂತ್ಯದ ಅಫಾರ ಸುಲ್ತಾನ ಅಲಿಮಿರಾಹ್ ಹನ್ಫರೆ ದೇಶ ಬಿಟ್ಟರು. ತೋಟಗಳು ಸರ್ಕಾರಿ ಫಾರ್ಮ್‌ಗಳಾದವೇ ಹೊರತು ಅಫಾರರಿಗೆ ಮರಳಲಿಲ್ಲ.

ಮಣ್ಣೂ ಕೆಟ್ಟಿತು. ಸರಿಯಾದ ಬಸಿಗಾಲುವೆ ಇಲ್ಲದೆ ನೀರು ಹಾಯಿಸಿದ್ದಕ್ಕೆ ಉಪ್ಪುನೀರಿನ ಅಂತರ್ಜಲ ಮೇಲೇರಿತು. ನೀರು ಆವಿಯಾಯಿತು, ಉಪ್ಪು ಉಳಿಯಿತು. ದಂಡೆಯ ಹತ್ತಿ ಪ್ರದೇಶವಾದ ಅಮಿಬಾರಾ ಸುತ್ತ ಎಷ್ಟೋ ಹೊಲ ಪಾಳುಬಿದ್ದವು. ಆ ಪಾಳು ನೆಲಕ್ಕೆ ನುಗ್ಗಿದ್ದು ಯಾವುದು ಗೊತ್ತಾ? ನಮ್ಮಲ್ಲಿ ಕೆರೆಯಂಗಳ ತುಂಬಿರುವ ಅದೇ ಬಳ್ಳಾರಿ ಜಾಲಿ!

[ಪರದೆ: ಜಾಲಿಯ ಪೊದೆ, ಹತ್ತಿರದಿಂದ]

ಮರಳುಗಾಡು ತಡೆಯಲೆಂದು ತಂದು ನೆಟ್ಟಿದ್ದು. ಸಿಹಿ ಕಾಯಿಯನ್ನು ಜಾನುವಾರು ತಿನ್ನುತ್ತವೆ. ಬೀಜ ಕರಗದೆ ಸಗಣಿಯಲ್ಲಿ ಬಿದ್ದು, ಗೊಬ್ಬರ ಸಮೇತ ಮೊಳೆಯುತ್ತದೆ. ಇನ್ನಷ್ಟನ್ನು ನೆರೆ ಹೊತ್ತೊಯ್ಯುತ್ತದೆ. ನೆಲಮಟ್ಟಕ್ಕೆ ಕಡಿದರೆ ಒಂದು ಬುಡಕ್ಕೆ ಹತ್ತು ಚಿಗುರು. ನೆಲದೊಳಗೆ ಅಗೆದು ಬುಡ ಕತ್ತರಿಸಬೇಕು. ಇದ್ದಿಲಿಗೆ ಕಡಿಯುವವರಿಗೆ ಅದು ಬೇಡದ ಕೆಲಸ.

1995ರ ಸಂವಿಧಾನದ 40(5)ನೇ ವಿಧಿ, ದನಗಾಹಿಗಳಿಗೆ ಮೇವಿನ ನೆಲದ ಹಕ್ಕಿದೆ, ಅವರನ್ನು ಅವರ ನೆಲದಿಂದ ಎಬ್ಬಿಸುವಂತಿಲ್ಲ ಎನ್ನುತ್ತದೆ. ಜಾರಿ ಹೇಗೆ ಎಂಬುದನ್ನು ಬೇರೆ ಕಾನೂನಿಗೆ ಬಿಟ್ಟಿದೆ. ಈ ವಿಧಿ ಇರುವಾಗಲೇ ಇದೇ ನದಿಯ ಕೆಳಭಾಗದ ತೆಂಡಾಹೋದಲ್ಲಿ ಸಕ್ಕರೆ ಯೋಜನೆಗೆಂದು ಅಣೆಕಟ್ಟು, ಕಬ್ಬು ಬಂದವು. ನಮ್ಮ ಲೆಕ್ಕದಲ್ಲಿ ಆಗಬೇಕಾದ್ದು ಎರಡು: ಕುಲದ ಹೆಸರಲ್ಲಿ ನೆಲದ ದಾಖಲೆ, ಮತ್ತು ಕಬ್ಬಿನ ನಡುವೆ ಜಾನುವಾರು ನೀರಿಗಿಳಿಯಲು ಅಳೆದು ಗುರುತು ಹಾಕಿದ ದಾರಿ. ಮೊದಲನೆಯದಕ್ಕೆ ಕಾನೂನು ಬೇಕು. ಎರಡನೆಯದಕ್ಕೆ ಕಬ್ಬಿನ ಕೆಲವು ಸಾಲು ಬಿಟ್ಟುಕೊಟ್ಟರೆ ಸಾಕು.