ಅಂಬಾಸಿಡರ್ ಎಂಜಿನ್ನಿನ ಆಯಿಲ್ ಸೋರಿಕೆ: ಪ್ಯಾಕಿಂಗಿಗಿಂತ ಮೊದಲು ಬ್ರೀದರ್

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಂಗಳಗಳಲ್ಲಿ ಉಳಿದಿರುವ ಹಳೆಯ ಪೆಟ್ರೋಲ್ ಅಂಬಾಸಿಡರುಗಳ 1489 ಸಿಸಿ ಎಂಜಿನ್ನು ಬ್ರಿಟನ್ನಿನ ಬಿ-ಸೀರೀಸ್ ವಿನ್ಯಾಸದ್ದು. ಅದರ ಕ್ರ್ಯಾಂಕ್ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಕೂರುವ ಹಿಂದಿನ ಮೇನ್ ಬೇರಿಂಗಿಗೆ ರಬ್ಬರ್ ಸೀಲೇ ಇಲ್ಲ. ಕ್ರ್ಯಾಂಕಿನ ಮೇಲೆ ಸ್ಕ್ರೂವಿನಂತೆ ಕೊರೆದ ಗೆರೆ ತಿರುಗುತ್ತಾ ಆಯಿಲನ್ನು ಒಳಕ್ಕೆ ಎಳೆಯಬೇಕು. ಒಳಗಿನ ಗಾಳಿಯನ್ನು ಹೊರಬಿಡುವ ಬ್ರೀದರ್ ಪೈಪು ಮುಚ್ಚಿ ಎಂಜಿನ್ನಿನೊಳಗೆ ಗಾಳಿ ಕಟ್ಟಿಕೊಂಡರೆ ಆ ಗೆರೆಯ ಬಲ ಸಾಲದು. ಆಗ ಎಷ್ಟು ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲಿಸಿದರೂ ಆಯಿಲ್ ಬೇರೆ ದಾರಿ ಹುಡುಕಿಕೊಳ್ಳುತ್ತದೆ.

ಮಳೆಗಾಲದಲ್ಲಿ ಕಾರು ಪೇಟೆಗೆ ನಾಲ್ಕು ಕಿಲೋಮೀಟರು ಹೋಗಿ ಬಂದು ನಿಲ್ಲುತ್ತದೆ. ಎಂಜಿನ್ನು ಪೂರ್ತಿ ಕಾಯುವುದಿಲ್ಲ, ಒಳಗಿನ ತೇವ ಆರುವುದಿಲ್ಲ. ತೇವ ಆಯಿಲ್ ಜತೆ ಸೇರಿ ಬೆಣ್ಣೆಯಂಥ ಕೆಸರಾಗಿ ಬ್ರೀದರ್ ಪೈಪನ್ನು ಮುಚ್ಚುತ್ತದೆ. ಎಂಜಿನ್ನಿನ ಪಕ್ಕದ ಎರಡು ಕವರುಗಳಲ್ಲಿ ಮುಂದಿನದರಿಂದ ಕೆಳಗಿಳಿಯುವ ಪೈಪು, ಮೇಲಿನ ಕವರಿನಿಂದ ಏರ್ ಕ್ಲೀನರಿಗೆ ಹೋಗುವ ಹೋಸು, ಎರಡನ್ನೂ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಊದಿ ನೋಡಿ. ಬಳಿಕ ಎಂಜಿನ್ನು ಐಡ್ಲಿಂಗಿನಲ್ಲಿರುವಾಗ ಆಯಿಲ್ ಮುಚ್ಚಳ ತೆಗೆದು ಬಾಯಿಗೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ. ಅದು ಸುಮ್ಮನೆ ಕೂತರೆ ಸರಿ. ಉಬ್ಬಿ ಎದ್ದರೆ ಪಿಸ್ಟನ್ ರಿಂಗು ಸವೆದಿರಬಹುದು. ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಅಳೆಯದೆ ಮುಂದಿನ ಕೆಲಸಕ್ಕೆ ಕೈ ಹಾಕಬೇಡಿ.

ಸೋರುವ ಜಾಗ ಹುಡುಕುವಾಗ ಹನಿ ಬಿದ್ದಲ್ಲಿ ನೋಡಿ ಪ್ರಯೋಜನವಿಲ್ಲ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ಒಯ್ಯುತ್ತದೆ, ಮುರಕಲ್ಲಿನ ಕೆಂಪು ಧೂಳು ಅದಕ್ಕೆ ಅಂಟಿ ಎಲ್ಲ ಒಂದೇ ಬಣ್ಣವಾಗುತ್ತದೆ. ಎಂಜಿನ್ನನ್ನು ತೊಳೆದು, ಒಣಗಿಸಿ, ಮುಖದ ಪೌಡರು ಉದುರಿಸಿ, 20 ನಿಮಿಷ ಓಡಿಸಿ. ಪೌಡರು ಒದ್ದೆಯಾದ ಎಲ್ಲಕ್ಕಿಂತ ಮೇಲಿನ ಜಾಗವೇ ಮೂಲ.

ಹೆಚ್ಚಾಗಿ ಅದು ಎಂಜಿನ್ನಿನ ಪಕ್ಕದ ಎರಡು ಟ್ಯಾಪೆಟ್ ಕವರುಗಳಲ್ಲಿ ಸಿಗುತ್ತದೆ. ನಮ್ಮ ಗ್ಯಾರೇಜುಗಳಲ್ಲಿ ಮೇಲಿನ ರಾಕರ್ ಕವರಿಗೇ ಟ್ಯಾಪೆಟ್ ಕವರ್ ಎನ್ನುವ ರೂಢಿ, ಹಾಗಾಗಿ ಈ ಪಕ್ಕದವು ಮರೆತೇ ಹೋಗುತ್ತವೆ. ಪ್ರತಿಯೊಂದಕ್ಕೂ ನಡುವೆ ಒಂದೇ ಬೋಲ್ಟು. ಸೋರುತ್ತದೆಂದು ಅದನ್ನೇ ಬಿಗಿದರೆ ತಗಡು ನಡುವೆ ಕುಸಿದು ಅಂಚು ಮೇಲೇಳುತ್ತದೆ, ಸೋರಿಕೆ ಇಮ್ಮಡಿಯಾಗುತ್ತದೆ. ಕವರನ್ನು ಗಾಜಿನ ಮೇಲಿಟ್ಟು ಅಂಚು ಸಮ ಮಾಡಿ. ಕಾರ್ಕ್ ಪ್ಯಾಕಿಂಗ್ ಒಣಗಿ ಕುಗ್ಗಿದ್ದರೆ ಸ್ವಲ್ಪ ಹೊತ್ತು ನೀರಲ್ಲಿ ನೆನೆಸಿ, ಒರೆಸಿ. ಶೆಲಾಕ್ (ಅರಗಿನ ಅಂಟು) ಹಚ್ಚಿ ಕವರಿಗೆ ಮಾತ್ರ ಅಂಟಿಸಿ, ಭಾರವಿಟ್ಟು ಒಂದು ರಾತ್ರಿ ಬಿಡಿ. ಬ್ಲಾಕಿಗೆ ತಾಗುವ ಬದಿಗೆ ಗ್ರೀಸ್ ಸಾಕು. ಬೋಲ್ಟಿನ ತಲೆಯ ಕೆಳಗಿನ ವಾಶರೂ ಹೊಸತಿರಲಿ, ಅಲ್ಲಿಂದಲೂ ಆಯಿಲ್ ಜಿನುಗುತ್ತದೆ.

ಎಂಜಿನ್ನಿನ ತಳದ ಆಯಿಲ್ ಚೇಂಬರಿನ (ಸಂಪಿನ) ಕಥೆಯೂ ಇದೇ. ಬಿಗಿದು ಬಿಗಿದು ತೂತುಗಳ ಸುತ್ತ ಗುಳಿ ಬಿದ್ದಿರುತ್ತದೆ. ಮರದ ತುಂಡಿನ ಮೇಲಿಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸಮ ಮಾಡಿ. ಉದ್ದದ ಎರಡು ಪ್ಯಾಕಿಂಗುಗಳು ಹಿಂದೆ ಮುಂದೆ ಬೇರಿಂಗ್ ಕ್ಯಾಪಿನ ಕಾರ್ಕ್ ಪಟ್ಟಿಯನ್ನು ಸೇರುವ ನಾಲ್ಕು ಮೂಲೆಗಳಿಗೆ ಮಾತ್ರ ಒಂದೊಂದು ಹನಿ ಸಿಲಿಕೋನ್ ಹಾಕಿ. ಉಳಿದ ಕಡೆ ಬೇಡವೇ ಬೇಡ. ಒಳಕ್ಕೆ ಒತ್ತಿ ಬಂದ ಸಿಲಿಕೋನ್ ಕಳಚಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿದರೆ ಬೇರಿಂಗೇ ಹೋಗುತ್ತದೆ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಸುಮಾರು 8 ನ್ಯೂಟನ್ ಮೀಟರಿಗೆ ಬಿಗಿಯಿರಿ, ಅದಕ್ಕಿಂತ ಹೆಚ್ಚಲ್ಲ. ಡ್ರೈನ್ ಪ್ಲಗ್ಗಿನ ತಾಮ್ರದ ವಾಶರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ.

ಮುಂದಿನ ಟೈಮಿಂಗ್ ಕವರಿನಲ್ಲಿ ಒಂದೇ ಎಚ್ಚರ: ಬೋಲ್ಟು ಬಿಗಿಯುವ ಮೊದಲು ಪುಲ್ಲಿಯನ್ನು ಒಳಗೆ ಕೂರಿಸಿ. ಇಲ್ಲದಿದ್ದರೆ ಸೀಲು ಓರೆಯಾಗಿ ಒಂದು ಬದಿ ಸವೆಯುತ್ತದೆ.

ಇಷ್ಟಾದ ಮೇಲೂ ಬಿಸಿ ಎಂಜಿನ್ನು ನಿಲ್ಲಿಸಿದಾಗ ಕ್ಲಚ್ ಹೌಸಿಂಗಿನ ತಳದಿಂದ ಎರಡು ಮೂರು ಹನಿ ಬಿದ್ದರೆ ಅದು ಆ ಸುರುಳಿ ಗೆರೆಯ ಸ್ವಭಾವ. ಕೆಳಗೆ ಅಡಿಕೆ ಹಾಳೆ ಇಡಿ, ಎಂಜಿನ್ನು ಇಳಿಸಬೇಡಿ. ಕ್ಲಚ್ ಜಾರತೊಡಗಿದರೆ ಮಾತ್ರ ಇಳಿಸಿ, ಆಗ ಮೇನ್ ಬೇರಿಂಗಿನ ಸಡಿಲವನ್ನೂ ಅಳೆಯಿರಿ. ಕ್ರ್ಯಾಂಕ್ ಕೆಳಗಿಳಿದಿದ್ದರೆ ಗೆರೆಯ ಸುತ್ತಲಿನ ಸಂದು ಮೇಲ್ಗಡೆ ಅಗಲವಾಗಿರುತ್ತದೆ, ಬೇರಿಂಗ್ ಹೊಸದಾಗದೆ ಆ ಸೋರಿಕೆ ನಿಲ್ಲದು.