"1 ಮಿಲಿಸೆಕೆಂಡ್" ಅಂದ್ರೆ ಯಾವುದರಿಂದ ಯಾವುದಕ್ಕೆ?

ಎಲ್‌ಸಿಡಿ ಮಾನಿಟರ್ ಡಬ್ಬದ ಮೇಲೆ "1 ಮಿಲಿಸೆಕೆಂಡ್" ಅಂತ ದೊಡ್ಡದಾಗಿ ಇರುತ್ತೆ, ಅಂದ್ರೆ ಪಿಕ್ಸೆಲ್ ಒಂದು ಛಾಯೆಯಿಂದ ಇನ್ನೊಂದಕ್ಕೆ ಬದಲಾಗೋ ಸಮಯ. ಯಾವ ಛಾಯೆಯಿಂದ ಯಾವ ಛಾಯೆಗೆ, ಎಷ್ಟು ಉಷ್ಣಾಂಶದಲ್ಲಿ ಅನ್ನೋದು ಸಾಮಾನ್ಯವಾಗಿ ಇರಲ್ಲ. ಅದಿಲ್ಲದ ಅಂಕಿಯನ್ನ ನಾನು ನಂಬಲ್ಲ. ಯಾಕೆ ಅಂತ ಲೆಕ್ಕದಲ್ಲೇ ನೋಡೋಣ.

ವೋಲ್ಟೇಜ್ ತೆಗೆದಾಗ ದ್ರವ ಸ್ಫಟಿಕದ ಅಣುಗಳು ಮೊದಲಿನ ದಿಕ್ಕಿಗೆ ಮರಳಬೇಕು. ತಿರುಗುವಿಕೆಯ ಸ್ನಿಗ್ಧತೆಯನ್ನ (ಅಣು ತಿರುಗೋಕೆ ದ್ರವ ಒಡ್ಡೋ ತಡೆ) ಸೆಲ್‌ನ, ಅಂದ್ರೆ ಎರಡು ಗಾಜುಗಳ ನಡುವಿನ ದ್ರವದ ಪದರದ, ದಪ್ಪದ ವರ್ಗದಿಂದ ಗುಣಿಸಿ. ಬಂದದ್ದನ್ನ ಸ್ಥಿತಿಸ್ಥಾಪಕ ಸ್ಥಿರಾಂಕದಿಂದ (ಅಣುಗಳನ್ನ ಮರಳಿ ಎಳೆಯೋ ಬಲದ ಅಳತೆ), ಆಮೇಲೆ ಪೈ ವರ್ಗದಿಂದ ಭಾಗಿಸಿ. ಅದೇ ಮರಳೋ ಸಮಯ. 0.1 ಪ್ಯಾಸ್ಕಲ್-ಸೆಕೆಂಡ್, 4 ಮೈಕ್ರೋಮೀಟರ್, 12 ಪಿಕೋನ್ಯೂಟನ್ ಹಾಕಿದರೆ 13.5 ಮಿಲಿಸೆಕೆಂಡ್ ಬರುತ್ತೆ. ಗಮನಿಸಿ, ಇದರಲ್ಲಿ ವೋಲ್ಟೇಜ್ ಎಲ್ಲೂ ಇಲ್ಲ.

ಆನ್ ಮಾಡೋದು ಬೇರೆ ಕಥೆ. ಡೈಎಲೆಕ್ಟ್ರಿಕ್ ವ್ಯತ್ಯಾಸ (ಅಣುವಿನ ಉದ್ದಕ್ಕೂ ಅಡ್ಡಕ್ಕೂ ವಿದ್ಯುತ್ ಸ್ಪಂದನೆಯಲ್ಲಿರೋ ಅಂತರ) 10 ಇದ್ದರೆ ಅಣುಗಳು ತಿರುಗೋಕೆ ಶುರುವಾಗೋ ಹೊಸ್ತಿಲು ವೋಲ್ಟೇಜ್ ಸುಮಾರು 1.16. ಅಣು ಸ್ವಲ್ಪವೇ ವಾಲುತ್ತೆ ಅಂತ ಹಿಡಿಯೋ ಸಣ್ಣ ಕೋನದ ಸೂತ್ರದ ಪ್ರಕಾರ 5 ವೋಲ್ಟ್‌ಗೆ 0.8 ಮಿಲಿಸೆಕೆಂಡ್ ಸಾಕು, 1.5 ವೋಲ್ಟ್‌ಗೆ 20 ಬೇಕು. ಅದೇ ಸೆಲ್, ಅದೇ ದ್ರವ! ಬೂದು ಛಾಯೆಗಳಿಗೆ ಬೇಕಾಗೋದು ಇಂಥ ಕಡಿಮೆ ವೋಲ್ಟೇಜೇ, ಅದಕ್ಕೇ ಓವರ್‌ಡ್ರೈವ್: ಮೊದಲ ಫ್ರೇಮ್‌ನಲ್ಲಿ ಹೆಚ್ಚು ವೋಲ್ಟೇಜ್ ಕೊಟ್ಟು ತಳ್ಳೋದು. ಅತಿಯಾದರೆ ಚಲಿಸೋ ವಸ್ತುವಿನ ಹಿಂದೆ ಉಲ್ಟಾ ನೆರಳು ಕಾಣುತ್ತೆ. ಸೊನ್ನೆ ವೋಲ್ಟ್‌ಗೆ ಇಳಿಯುವಾಗ ಈ ಉಪಾಯವೂ ನಡೆಯಲ್ಲ. ಅಣುಗಳು ಸ್ಪಂದಿಸೋದು ವೋಲ್ಟೇಜಿನ ವರ್ಗಕ್ಕೆ, ಹಾಗಾಗಿ ಮೈನಸ್ ಕೊಟ್ಟರೂ ಪ್ಲಸ್ಸಿನಷ್ಟೇ ತಳ್ಳುತ್ತೆ.

ಉಳಿದ ದಾರಿ ಸೆಲ್ ತೆಳು ಮಾಡೋದು. 2 ಮೈಕ್ರೋಮೀಟರ್‌ಗೆ ಇಳಿಸಿದರೆ 3.4 ಮಿಲಿಸೆಕೆಂಡ್. ಆದರೆ ಅಷ್ಟೇ ಬೆಳಕು ಬರಬೇಕಾದರೆ ದ್ವಿವಕ್ರೀಭವನ (ಬೆಳಕಿನ ಎರಡು ಧ್ರುವೀಕರಣಗಳಿಗೆ ವಕ್ರೀಭವನದಲ್ಲಿರೋ ವ್ಯತ್ಯಾಸ) ಎರಡರಷ್ಟಾಗಬೇಕು, ಅಂಥ ಮಿಶ್ರಣಗಳಲ್ಲಿ ಸ್ನಿಗ್ಧತೆಯೂ ಸಾಮಾನ್ಯವಾಗಿ ಏರುತ್ತೆ. ಚಳಿಯಲ್ಲಂತೂ ಇನ್ನೂ ಹೆಚ್ಚು.

ಇದನ್ನ ಲೆಕ್ಕ ಹಾಕೋ ಕಂಪ್ಯೂಟರ್ ಮಾದರಿಯನ್ನ ಸ್ವತಃ ಬರೆಯೋರು ಅಣುಗಳ ಆರಂಭದ ಓರೆ ಕೋನವನ್ನ ಸೊನ್ನೆ ಇಡಬೇಡಿ: ಎಷ್ಟು ವೋಲ್ಟ್ ಕೊಟ್ಟರೂ ಅಣು ಅಲುಗಲ್ಲ, ಪ್ರೋಗ್ರಾಂ ಕೆಟ್ಟಿದೆ ಅನಿಸುತ್ತೆ. 1–2 ಡಿಗ್ರಿ ಕೊಡಿ. 4 ಮೈಕ್ರೋಮೀಟರ್ ದಪ್ಪವನ್ನ 100 ಪದರ ಮಾಡಿ ಎಕ್ಸ್‌ಪ್ಲಿಸಿಟ್ ವಿಧಾನ (ಮುಂದಿನ ಕ್ಷಣವನ್ನ ಈಗಿನ ಸ್ಥಿತಿಯಿಂದಲೇ ನೇರ ಲೆಕ್ಕ ಹಾಕೋದು) ಹಿಡಿದರೆ ಕಾಲದ ಹೆಜ್ಜೆ 6–7 ಮೈಕ್ರೋಸೆಕೆಂಡ್ ದಾಟಬಾರದು, ದಾಟಿದರೆ ಉತ್ತರ ಸಿಡಿಯುತ್ತೆ. ಇಂಪ್ಲಿಸಿಟ್ ವಿಧಾನ (ಮುಂದಿನ ಕ್ಷಣದ ಸ್ಥಿತಿಗೇ ಸಮೀಕರಣ ಬಿಡಿಸೋದು) ಹಿಡಿಯೋದೇ ವಾಸಿ.

ದ್ರವದ ಹರಿವನ್ನ ಮಾತ್ರ ಬಿಡಬೇಡಿ. ಟ್ವಿಸ್ಟೆಡ್ ನೆಮ್ಯಾಟಿಕ್ ಸೆಲ್ (ಒಂದು ಗಾಜಿನಿಂದ ಇನ್ನೊಂದಕ್ಕೆ ಹೋಗ್ತಾ ಅಣುಗಳ ದಿಕ್ಕು ತಿರುಚಿರೋ ಸೆಲ್) ಆಫ್ ಆದಾಗ ಅಣುಗಳು ತಿರುಗಿ ಎಬ್ಬಿಸಿದ ಹರಿವೇ ನಡುವಿನ ಅಣುಗಳನ್ನ ಮೊದಲು ಉಲ್ಟಾ ವಾಲಿಸುತ್ತೆ, ಬೆಳಕು ಒಮ್ಮೆ ಪುಟಿದು ಆಮೇಲೆ ನೆಲೆಗೆ ಬರುತ್ತೆ. ದ್ರವ ಸ್ಫಟಿಕದ ಹರಿವನ್ನ ಹೇಳೋ ಎರಿಕ್ಸನ್–ಲೆಸ್ಲಿ ಸಮೀಕರಣಗಳಿಂದ ವಾನ್ ಡೋರ್ನ್ ಮತ್ತು ಬೆರೆಮನ್ 1975ರಲ್ಲೇ ಇದನ್ನ ವಿವರಿಸಿದ್ದಾರೆ. ದ್ರವದ ಜಡತ್ವವನ್ನ ಧೈರ್ಯವಾಗಿ ಕೈಬಿಡಿ. ಅದರ ಕಾಲಮಾನ ಮೈಕ್ರೋಸೆಕೆಂಡ್‌ಗಿಂತಲೂ ಕಡಿಮೆ.