ಮಧ್ಯಾಹ್ನವಾದರೆ ಕೆಡುತ್ತಿದ್ದ ಕುಲುಮೆ

ಕೇಳುಗರಿಗೆ ನಮಸ್ಕಾರ. ಕುಲುಮೆಗಳ ಉಷ್ಣತೆಯನ್ನು ಹಿಡಿತದಲ್ಲಿಡುವ ಉಪಕರಣಗಳನ್ನು ರಿಪೇರಿ ಮಾಡುವುದು ನನ್ನ ಕಸುಬು. ಇವತ್ತು ಒಂದೇ ಒಂದು ಕುಲುಮೆಯ ವಿಷಯ ಹೇಳುತ್ತೇನೆ.

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ಅಚ್ಚಿನ ಮೊಳೆಗಳನ್ನು, ಅಂದರೆ ಮುದ್ರಣಕ್ಕೆ ಬಳಸುವ ಲೋಹದ ಅಕ್ಷರಗಳನ್ನು, ಎರಕ ಹೊಯ್ಯುವ ಸಣ್ಣ ಜಾಗ ಅದು. ಮೊಳೆಯ ಲೋಹ ಬರಿಯ ಸೀಸವಲ್ಲ. ಗಡಸುತನಕ್ಕೆ ಆಂಟಿಮನಿ, ಅಚ್ಚಿನ ಮೂಲೆಮೂಲೆಗೂ ಸರಾಗವಾಗಿ ಹರಿಯಲು ತವರ ಬೆರೆಸಿರುತ್ತಾರೆ. ನೂರರಲ್ಲಿ 84 ಪಾಲು ಸೀಸ, 12 ಪಾಲು ಆಂಟಿಮನಿ, 4 ಪಾಲು ತವರ ಸೇರಿದರೆ ಆ ಮಿಶ್ರಣ ಸುಮಾರು 240 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಶುದ್ಧ ಸೀಸಕ್ಕೆ 327 ಡಿಗ್ರಿ ಬೇಕು. ಕಾವು ಕಡಿಮೆಯಾದರೆ ಅಕ್ಷರದ ಅಂಚು ಮೂಡುವುದಿಲ್ಲ. ಹೆಚ್ಚಾದರೆ ಮೇಲೆ ಕಿಟ್ಟ ಕಟ್ಟಿಕೊಂಡು ತವರ ಅದರೊಡನೆ ಹೋಗುತ್ತದೆ, ಮೊಳೆಯ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ. ನಮ್ಮ ಕನ್ನಡದ ಒತ್ತಕ್ಷರಗಳ ಸಣ್ಣ ಬಾಲಗಳು ಎರಡನ್ನೂ ಸಹಿಸುವುದಿಲ್ಲ.

ಅಲ್ಲಿನ ಹಿರಿಯ ಎರಕದವರು ಮೊದಲ ದಿನವೇ ಒಂದು ಮಾತು ಹೇಳಿದರು. "ಬೆಳಗ್ಗೆ ಚೆನ್ನಾಗಿಯೇ ಬರುತ್ತದೆ ಸಾರ್, ಊಟವಾದ ಮೇಲೆ ಕೆಡುತ್ತದೆ." ಕಾವಿನ ನಿಯಂತ್ರಣ ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ, ಅದನ್ನು ಎಷ್ಟು ಡಿಗ್ರಿಗೆ ಇಡಬೇಕೆಂದು ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು: ಬೆಳಗ್ಗೆ 290, ಮಧ್ಯಾಹ್ನ 255. ಉಪಕರಣ ತೋರಿಸುವುದನ್ನು ನಂಬದೆ, ಕಿಟ್ಟದ ಬಣ್ಣ ನೋಡಿ ಅವರೇ ಕಂಡುಕೊಂಡ ಲೆಕ್ಕ ಅದು. ನಾನು ಆ ಗೋಡೆಯನ್ನು ಇನ್ನಷ್ಟು ಗಮನವಿಟ್ಟು ಓದಿದ್ದರೆ ಎರಡು ದಿನ ಉಳಿಯುತ್ತಿತ್ತು.

ಮೊದಲು ಮುಖ್ಯ ಸ್ವಿಚ್ ಆಫ್ ಮಾಡಿ, ಕುಲುಮೆಗೆ ವಿದ್ಯುತ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರ್ ಬಿಚ್ಚಿ ನೋಡಿದೆ. ಅದರ ತುದಿಗಳು ಸುಟ್ಟಿದ್ದವು, ಬದಲಾಯಿಸಿದೆ. ಮಧ್ಯಾಹ್ನದ ಕಾಟ ಹಾಗೆಯೇ ಉಳಿಯಿತು. ಆಮೇಲೆ ಕುಲುಮೆಯ ಕಾವನ್ನು ಅಳೆಯುವ ಥರ್ಮೋಕಪಲ್ಲನ್ನು ತಣ್ಣಗಾದ ಮೇಲೆ ಹೊರತೆಗೆದು ಕುದಿಯುವ ನೀರಿನಲ್ಲಿ ಅದ್ದಿದೆ. ಉಪಕರಣ 97 ಎಂದಿತು. ಮೂರು ಡಿಗ್ರಿ ತಪ್ಪು ಎಂದು ಜೊತೆಗಿದ್ದ ಹುಡುಗ ಹೇಳಿದ. ತಪ್ಪಲ್ಲ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97ಕ್ಕೆ. ಅಂದರೆ ಥರ್ಮೋಕಪಲ್ ಸರಿಯಾಗಿಯೇ ಇತ್ತು. ಇದನ್ನು ಮನೆಯಲ್ಲಿ, ಅಂಗಡಿಯಲ್ಲಿ ಮಾಡುವವರಿಗೆ ಒಂದು ಮಾತು: ನೀರಿನಿಂದ ತೆಗೆದ ಕಡ್ಡಿಯನ್ನು ಒರೆಸಿ, ಬಿಸಿಯಲ್ಲಿ ಚೆನ್ನಾಗಿ ಒಣಗಿಸದೆ ಕರಗಿದ ಸೀಸದೊಳಗೆ ಎಂದಿಗೂ ಇಳಿಸಬೇಡಿ. ಒಳಗೆ ಸಿಕ್ಕಿಕೊಂಡ ಒಂದು ಹನಿ ನೀರು ಕ್ಷಣದಲ್ಲಿ ಆವಿಯಾಗಿ ಕಾದ ಲೋಹವನ್ನು ಮುಖಕ್ಕೆ ಎರಚುತ್ತದೆ.

ಕೊನೆಗೆ ಸೀಸವನ್ನೇ ಸಾಕ್ಷಿಗೆ ಕರೆದೆ. ಪಾತ್ರೆಯಲ್ಲಿದ್ದ ಮಿಶ್ರಲೋಹವನ್ನು ಬಸಿದು, ತಳವನ್ನು ಕೆರೆದು, ಶುದ್ಧ ಸೀಸ ತುಂಬಿಸಿ ಕರಗಿಸಿ, ಮಧ್ಯಾಹ್ನ ಎರಡು ಗಂಟೆಗೆ ಕಾವು ನಿಲ್ಲಿಸಿದೆ. ಸಂಖ್ಯೆ ಇಳಿಯುತ್ತಾ ಬಂತು. ಒಂದು ಹಂತದಲ್ಲಿ ಗಕ್ಕನೆ ನಿಂತಿತು. ಸೀಸದ ಮೇಲ್ಮೈಯ ಹೊಳಪು ಅಂಚಿನಿಂದ ನಡುವಿನತ್ತ ಮಂಕಾಗುತ್ತಿತ್ತು, ಲೋಹ ಹೆಪ್ಪುಗಟ್ಟುತ್ತಿತ್ತು, ಸಂಖ್ಯೆ ಮಾತ್ರ ಕದಲಲಿಲ್ಲ. ಹೆಪ್ಪುಗಟ್ಟಿ ಮುಗಿಯುವವರೆಗೂ ಸೀಸ 327ರಲ್ಲಿಯೇ ಇರಬೇಕು. ಉಪಕರಣ ತೋರಿಸುತ್ತಿದ್ದದ್ದು 289!

38 ಡಿಗ್ರಿ ಎಲ್ಲಿ ಹೋಯಿತು? ಕುಲುಮೆಯ ಮೇಲಿರುವ ಥರ್ಮೋಕಪಲ್ಲಿನ ತಲೆಯನ್ನು ತೆರೆದೆ. ಪಿಂಗಾಣಿ ಟರ್ಮಿನಲ್ಲಿನಿಂದ ನಿಯಂತ್ರಣ ಪೆಟ್ಟಿಗೆಯವರೆಗೆ ಯಾರೋ ಮಾಮೂಲಿ ತಾಮ್ರದ ವೈರು ಎಳೆದಿದ್ದರು. ಎರಡು ಬೇರೆ ಬೇರೆ ಲೋಹಗಳ ತಂತಿ ಕೂಡಿದಲ್ಲಿ ಕಾವು ತಗುಲಿದರೆ ಅತಿ ಸಣ್ಣ ವೋಲ್ಟೇಜು ಹುಟ್ಟುತ್ತದೆ. 1821ರಲ್ಲಿ ವಿಜ್ಞಾನಿ ಸೀಬೆಕ್ ಕಂಡದ್ದು ಇದರ ಮೂಲ. ಕ್ರೋಮೆಲ್, ಅಲುಮೆಲ್ ಎಂಬ ಎರಡು ಮಿಶ್ರಲೋಹಗಳ ತಂತಿಯಿಂದಾದ ನಮ್ಮ ಕೆ ಮಾದರಿಯ ಥರ್ಮೋಕಪಲ್ಲಿನಲ್ಲಿ ಅದು ಡಿಗ್ರಿಗೆ ಸುಮಾರು 40 ಮೈಕ್ರೋವೋಲ್ಟ್. ಈ ಲೆಕ್ಕ ಎರಡು ತುದಿಗಳ ನಡುವಿನ ವ್ಯತ್ಯಾಸವನ್ನು ಮಾತ್ರ ಹೇಳುತ್ತದೆ. ತಣ್ಣನೆಯ ತುದಿ ತನ್ನ ಬಳಿಯೇ ಇದೆ ಎಂದು ನಂಬಿ ಉಪಕರಣ ತನ್ನ ಪೆಟ್ಟಿಗೆಯ ಕಾವನ್ನು ಕೂಡಿಸಿಕೊಳ್ಳುತ್ತದೆ. ತಾಮ್ರದ ವೈರು ಹಾಕಿದಾಗ ಆ ತುದಿ ಕುಲುಮೆಯ ತಲೆಯಲ್ಲಿಯೇ ಉಳಿಯುತ್ತದೆ. ಬೆಳಗ್ಗೆ ತಲೆಯೂ ಪೆಟ್ಟಿಗೆಯೂ ಒಂದೇ ಕಾವಿನಲ್ಲಿರುವುದರಿಂದ ತಪ್ಪು ಕಾಣುವುದಿಲ್ಲ. ಮಧ್ಯಾಹ್ನ ತಲೆ 70 ಡಿಗ್ರಿ, ಪೆಟ್ಟಿಗೆ 32 ಡಿಗ್ರಿ. ಉಪಕರಣ ಕಡಿಮೆ ತೋರಿಸುತ್ತದೆ, ಕುಲುಮೆ ಅಷ್ಟೇ ಹೆಚ್ಚು ಕಾಯುತ್ತದೆ. ಕಾವು ಏರಿದಂತೆ ಕಿಟ್ಟವೂ ಹೆಚ್ಚುತ್ತದೆ, ಅದರ ಸೀಸದ ಧೂಳನ್ನು ಉಸಿರಾಡಿದ್ದು ಆ ಹಿರಿಯರು. ನನಗೆ ಕೋಪ ಬಂದದ್ದು ಇದಕ್ಕೆ.

ಕೆ ಮಾದರಿಗೆಂದೇ ಸಿಗುವ ವೈರನ್ನು ತಲೆಯಿಂದ ಪೆಟ್ಟಿಗೆಯವರೆಗೆ ಹೊಸದಾಗಿ ಎಳೆದೆ. ಥರ್ಮೋಕಪಲ್ಲಿನ ಎರಡು ತಂತಿಗಳಲ್ಲಿ ಋಣ ಯಾವುದು ಎಂಬ ಅನುಮಾನ ಬಂದರೆ ಚಿಕ್ಕ ಆಯಸ್ಕಾಂತ ಹಿಡಿಯಿರಿ. ಅಲುಮೆಲ್ ತಂತಿ ಅಂಟುತ್ತದೆ, ಅದೇ ಋಣ. ಉಲ್ಟಾ ಕೂಡಿಸಿದರೆ ಕಾವು ಏರಿದಷ್ಟೂ ಸಂಖ್ಯೆ ಇಳಿಯುತ್ತದೆ, ಕುಲುಮೆ ನಿಲ್ಲುವುದೇ ಇಲ್ಲ. ಕಾಂಟ್ಯಾಕ್ಟರ್ ಅಂಟಿಕೊಂಡರೂ ಕಾವು ಮೀರದಂತೆ ತಡೆಯಲು ಪ್ರತ್ಯೇಕವಾದ ಇನ್ನೊಂದು ಕಟ್-ಆಫ್ ಕೂಡ ಹಾಕಿದೆ.

ಮರುದಿನ ಅದೇ ಎರಡು ಗಂಟೆಗೆ ಸೀಸ 326ರಲ್ಲಿ ನಿಂತಿತು. ಪಾತ್ರೆಗೆ ಮೊಳೆಯ ಲೋಹವನ್ನು ಮತ್ತೆ ತುಂಬಿ, 290ಕ್ಕೆ ಇಟ್ಟೆವು. ನಾಲ್ಕು ಗಂಟೆಗೆ ಹಿರಿಯರು ಒಂದು 'ತ' ಒತ್ತನ್ನು ಎರಕ ಹೊಯ್ದರು. ತಣ್ಣಗಾದ ಮೇಲೆ ಅದರ ಬಾಲವನ್ನು ಹೆಬ್ಬೆರಳಿನ ಉಗುರಿನಿಂದ ಸವರಿ ನೋಡಿ, ಬೆಳಗಿನ ಮೊಳೆಗಳ ತಟ್ಟೆಯಲ್ಲಿಯೇ ಅದನ್ನೂ ಇಟ್ಟರು.